ಎರಡು ಮುದ್ರೆ ಬಿದ್ದ ಕಾರ್ಡು

ನವೆಂಬರ್ 3

ಪ್ರೀತಿಯ ಬ್ರೇಕ್ ಚಿಕ್ಕಪ್ಪನಿಗೆ ನಮಸ್ಕಾರ.

ಫೋನು ಮಾಡಿದರೆ ನೀವು "ಯಾರು? ಜೋರಾಗಿ ಹೇಳಿ" ಎನ್ನುತ್ತೀರಿ. ನಾನು ಕೂಗಿ ಕೂಗಿ, ನನ್ನ ಕನ್ನಡಕದ ಅಂಗಡಿಗೆ ಬಂದವರೆಲ್ಲ ತಿರುಗಿ ನೋಡುತ್ತಾರೆ. ಅದಕ್ಕೇ ಈ ಕಾಗದ. ವರ್ಷಗಟ್ಟಲೆ ಲಾರಿ ಎಂಜಿನ್ನಿನ ಪಕ್ಕ ಕೂತ ಕಿವಿ, ಅದರ ತಪ್ಪೇನೂ ಇಲ್ಲ ಬಿಡಿ.

ಅಪ್ಪ ಹೋಗಿ ಮೂರು ತಿಂಗಳಾಗುತ್ತಾ ಬಂತು. ನೀವು ಅಂದು ಗೇಟಿನ ಹತ್ತಿರವೇ ನಿಂತಿದ್ದು ಒಂದು ಲೋಟ ನೀರೂ ಕುಡಿಯದೆ ಸಂಜೆಯ ಬಸ್ಸಿಗೆ ಹೊರಟುಬಿಟ್ಟಿರಿ. ನಿಮ್ಮ ಜೊತೆ ಕೂತು ಅಳಬೇಕು ಅಂತ ನನಗೆ ಬಹಳ ಅನ್ನಿಸಿತ್ತು. ಇರಲಿ, ನಿಮ್ಮ ಸಂಕಟ ನಿಮಗೆ.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿನ ನಿವೃತ್ತ ಸೈನಿಕರ ಸಂಘದವರು ಫೆಬ್ರವರಿ ಹತ್ತಕ್ಕೆ ಸಭೆ ಇಟ್ಟಿದ್ದಾರೆ. ಈ ವರ್ಷ ತೀರಿಕೊಂಡ ಪ್ರತಿಯೊಬ್ಬರ ಬಗ್ಗೆಯೂ ಒಂದು ಪುಟ ಓದುತ್ತಾರೆ, ಆಮೇಲೆ ಹೆಂಡತಿಯ ಕೈಗೆ ಫೋಟೋ ಕೊಡುತ್ತಾರೆ. ಮನೆಯ ಅಪ್ಪನ ಬಗ್ಗೆ ನಾನು ಬರೆಯಬಲ್ಲೆ. ಸೈನ್ಯ ಬಿಟ್ಟ ಮೇಲೆ ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದರು, ಒಂದು ದಿನವೂ ಐದೂ ಮುಕ್ಕಾಲಿನ ಮೇಲೆ ಮನೆಗೆ ಬಂದವರಲ್ಲ. ಅಮ್ಮನಿಗೆ ಕೈ ಮುರಿದಾಗ ನನಗೆ ಜಡೆ ಹಾಕುವುದನ್ನು ಕಲಿತರು. ಲಾರಿಯ ಹೊರೆಗೆ ಹಗ್ಗ ಬಿಗಿದಂತೆ ಬಿಗಿಯುತ್ತಿದ್ದರು, ಸಂಜೆವರೆಗೆ ನನ್ನ ಹುಬ್ಬು ಕೆಳಗಿಳಿಯುತ್ತಿರಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ಮನೆಗೆ ಯಾರ ಕಾಗದ ಬಂದರೂ ಅಂಚೆಯವನ ಎದುರಿಗೇ ಗೇಟಿನಲ್ಲಿ ನಿಂತು ಒಡೆಯುತ್ತಿದ್ದರು. ವಿದ್ಯುತ್ ಬಿಲ್ಲಾದರೂ ಸರಿ. ನಾವು ಅದಕ್ಕೆ ನಗುತ್ತಿದ್ದೆವು.

ಆದರೆ ಸೈನ್ಯದ ಅಪ್ಪ ನನಗೆ ಗೊತ್ತಿಲ್ಲ. ಅಮ್ಮ ಆ ಮಾತನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ಅವರ ಜೊತೆ ಒಂದೇ ಲಾರಿಯಲ್ಲಿ ಆರು ವರ್ಷ ಇದ್ದವರು ನೀವು. ಒಂದು ಪುಟ ಬರೆದುಕೊಡಿ. ಅಮ್ಮ ಸಭೆಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಮನೆಯಲ್ಲಿದ್ದ ಅಪ್ಪನ ಫೋಟೋವನ್ನೂ ಗೋಡೆಗೆ ಹಾಕಲು ಬಿಟ್ಟಿಲ್ಲ, ಅದು ಟ್ರಂಕಿನಲ್ಲಿದೆ. ನಿಮ್ಮ ಪುಟ ಕೇಳಿಯಾದರೂ ಅವರ ಮನಸ್ಸು ಕರಗಲಿ ಎಂಬುದೇ ನನ್ನ ಆಸೆ.

ನಿಮ್ಮ
ಹಾರನ್

*

ನವೆಂಬರ್ 14

ಹಾರನ್ನಿಗೆ ಆಶೀರ್ವಾದ.

ಕಾಗದ ತಲುಪಿತು. ನಿನಗೆ ಆ ಹೆಸರಿಟ್ಟವನು ನಾನೇ. ಹುಟ್ಟಿದ ಮೂರನೇ ವಾರಕ್ಕೆ ನೋಡಲು ಬಂದಿದ್ದೆ, ನೀನು ಅತ್ತ ರಭಸಕ್ಕೆ ಬೀದಿಯ ಸೈಕಲ್ಲುಗಳೆಲ್ಲ ಪಕ್ಕಕ್ಕೆ ಸರಿದವು. ನನಗೆ ಬ್ರೇಕ್ ಎಂದು ಹೆಸರಿಟ್ಟವನು ನಿನ್ನಪ್ಪ. ಅವನು ಓಡಿಸುವಾಗ ಪಕ್ಕದಲ್ಲಿ ಕೂತ ನಾನು ಇಲ್ಲದ ಬ್ರೇಕನ್ನು ಕಾಲಿನಲ್ಲಿ ಒತ್ತುತ್ತಿದ್ದೆನಂತೆ. ಅವನನ್ನು ನಾವೆಲ್ಲ ಮೇಷ್ಟ್ರು ಎಂದು ಕರೆಯುತ್ತಿದ್ದೆವು, ಪ್ರತಿಯೊಂದಕ್ಕೂ ಅವನ ಹತ್ತಿರ ಒಂದು ನಿಯಮ ಇರುತ್ತಿತ್ತು.

ನಮ್ಮ ಕೆಲಸ ಹೇಳುತ್ತೇನೆ. ಕೆಳಗಿನ ಶಿಬಿರದಿಂದ ಬೆಟ್ಟದ ಮೇಲಿನ ಚೌಕಿಗೆ ಸೀಮೆಎಣ್ಣೆ, ಆಲೂಗಡ್ಡೆ, ಕಂಬಳಿ, ಮದ್ದುಗುಂಡು ಸಾಗಿಸುವುದು. ಮೂವತ್ತೊಂದು ತಿರುವು. ಒಂದು ಗಾಡಿಗೆ ಇಬ್ಬರು ಡ್ರೈವರು, ಸರದಿಯ ಮೇಲೆ ಹತ್ತುತ್ತಿದ್ದೆವು, ಹವೆ ಕೆಟ್ಟ ದಿನ ಇಬ್ಬರೂ. ಒಬ್ಬ ರಜೆಗೆ ಹೋದರೆ ಇನ್ನೊಬ್ಬ ಗಾಡಿ ಬಿಟ್ಟು ಕದಲುವಂತಿಲ್ಲ.

ಅವನ ನಿಯಮಗಳಲ್ಲಿ ಒಂದು ಇಡೀ ಶಿಬಿರಕ್ಕೇ ಹಬ್ಬಿತು. ಒಂದು ದಿನ ನಮ್ಮ ಮುಂದಿನ ಗಾಡಿಯ ಡ್ರೈವರು ಮನೆಯ ಕಾಗದ ಓದಿಕೊಂಡು ಹತ್ತಿದವನು ಹನ್ನೊಂದನೇ ತಿರುವಿನಲ್ಲಿ ಗಾಡಿಸಮೇತ ಕೆಳಗೆ ಹೋದ. ಕಾಗದದಲ್ಲಿ ಕೆಟ್ಟ ಸುದ್ದಿ ಏನೂ ಇರಲಿಲ್ಲ. ತಂಗಿಗೆ ಗಂಡು ಗೊತ್ತಾಗಿದೆ ಎಂದಿತ್ತು, ಅಷ್ಟೇ. ಆವತ್ತು ಮೇಷ್ಟ್ರು ಹೇಳಿದ: "ಏರು ಹತ್ತೋನಿಗೆ ಕಾಗದ ಕೊಡಬಾರದು. ಒಳ್ಳೇದಿರಲಿ, ಕೆಟ್ಟದಿರಲಿ, ಇಳಿದು ಬಂದು ಒಂದು ಲೋಟ ಟೀ ಕುಡಿದ ಮೇಲೆ ಕೊಡಬೇಕು." ಕೆಳಗೆ ಉಳಿದವನು ಜೋಡಿಯವನ ಟಪಾಲು ತೆಗೆದಿಟ್ಟುಕೊಳ್ಳುವುದು, ಅವನು ಬಂದ ಮೇಲೆ ಕೊಡುವುದು. ಆಮೇಲೆ ಆ ದಾರಿಯಲ್ಲಿ ಹಾಗೆ ಯಾರೂ ಬೀಳಲಿಲ್ಲ. ಇದನ್ನು ಸಭೆಯಲ್ಲಿ ಓದಿಸು, ಚೆನ್ನಾಗಿರುತ್ತದೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಒತ್ತಾಯ ಮಾಡಬೇಡ.

ನಿನ್ನ
ಚಿಕ್ಕಪ್ಪ

*

ನವೆಂಬರ್ 23

ಚಿಕ್ಕಪ್ಪನಿಗೆ,

ನಿಮ್ಮ ಕಾಗದವನ್ನು ಅಮ್ಮನಿಗೆ ಜೋರಾಗಿ ಓದಿ ಹೇಳಿದೆ. ಬಟ್ಟೆ ಮಡಚುತ್ತಾ ಕೇಳಿದರು. ರಜೆಯ ಮಾತು ಬಂದಾಗ ಕೈ ನಿಂತಿತು. "ಕದಲೋ ಹಾಗಿಲ್ವಂತೆ. ಹೌದು, ಅದು ನನಗೆ ಗೊತ್ತು" ಎಂದು ಎದ್ದು ಹೋದರು.

ಹಿಂದೆ ಹೋಗಿ ಕೇಳಿದೆ. ಈ ಸಲ ಬಿಡಲಿಲ್ಲ. ನಲವತ್ಮೂರು ವರ್ಷ ಈ ಮನೆಯಲ್ಲಿ ಬೆಳೆದ ನನಗೆ, ನನಗಿಂತ ಮುಂಚೆ ಒಬ್ಬ ಅಣ್ಣ ಹುಟ್ಟಿ ಹದಿನೈದು ದಿನ ಬದುಕಿದ್ದ ಅಂತ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ. ಐದನೇ ದಿನಕ್ಕೆ ಅವನು ಸರಿಯಾಗಿ ಹಾಲು ಕುಡಿಯುವುದು ಬಿಟ್ಟನಂತೆ. ಪಕ್ಕದ ಮನೆಯವರ ಕೈಲಿ ಅಮ್ಮ ಅಪ್ಪನಿಗೆ ಒಂದು ಕಾರ್ಡು ಬರೆಸಿದರು, ಬಂದುಬಿಡಿ ಅಂತ. ಅಪ್ಪ ಬಂದದ್ದು ಎಲ್ಲ ಮುಗಿದು ತಿಂಗಳಾದ ಮೇಲೆ. "ಕಾರ್ಡು ಸಿಗಲಿಲ್ವಾ?" ಎಂದರೆ "ಸಿಕ್ತು. ರಜೆ ಸಿಗಲಿಲ್ಲ" ಎಂದರಂತೆ. ಅಮ್ಮ ನಂಬಿದರು.

ಆಮೇಲೊಂದು ವರ್ಷ ನೀವೂ ಚಿಕ್ಕಮ್ಮನೂ ನಮ್ಮ ಮನೆಗೆ ಬಂದಿರಿ. ಚಿಕ್ಕಮ್ಮ ಮಾತಿನ ನಡುವೆ ನಿಮ್ಮ ಮದುವೆಯ ದಿನ ಹೇಳಿದರು. ಅದು ನನ್ನ ಅಣ್ಣ ಸತ್ತ ವಾರ. ರಜೆ ಇತ್ತು, ನಿಮಗೆ ಹೋಯಿತು! ಆವತ್ತಿನಿಂದ ಅಮ್ಮನ ಮನಸ್ಸಿನಲ್ಲಿ ಒಂದೇ ಮಾತು: "ಸ್ನೇಹಿತನ ಮದುವೆ ದೊಡ್ಡದಾಯ್ತು ಅವರಿಗೆ. ತನ್ನ ರಜೇನ ಬಿಟ್ಟುಕೊಟ್ರು. ಆಮೇಲೆ ಎಷ್ಟು ಜಡೆ ಹಾಕಿದ್ರೇನು, ಎಷ್ಟು ಬೇಗ ಮನೆಗೆ ಬಂದ್ರೇನು?"

ಅಪ್ಪನನ್ನು ಒಂದು ದಿನವೂ ಬೈಯಲಿಲ್ಲ, ಕೇಳಲೂ ಇಲ್ಲ. ಹೊತ್ತಿಗೆ ಸರಿಯಾಗಿ ಬಡಿಸಿದರು, ಮಾತ್ರೆ ಕೊಟ್ಟರು. ಅಷ್ಟೇ. ಹಾಗೆಯೇ ಇಬ್ಬರೂ ಮುದುಕರಾದರು.

ಏನೋ ಕಾರಣ ಇದ್ದಿರಲೇಬೇಕು. ರಜೆ ಬಿಟ್ಟುಕೊಡುವಾಗ ಅಪ್ಪನಿಗೆ ಮಗುವಿನ ಸುದ್ದಿ ಗೊತ್ತಿತ್ತೇ? ನಿಮ್ಮ ಮದುವೆ ಮುರಿಯುವ ಹಾಗಿತ್ತೇ? ನೀವು ಒಂದು ಮಾತು ಬರೆದರೆ ಸಾಕು. ಅಪ್ಪನ ಪರವಾಗಿ ಹೇಳಲು ಈ ಭೂಮಿಯ ಮೇಲೆ ನಿಮ್ಮನ್ನು ಬಿಟ್ಟು ಇನ್ಯಾರೂ ಉಳಿದಿಲ್ಲ.

ನಿಮ್ಮ
ಹಾರನ್

*

ಡಿಸೆಂಬರ್ 4

ಹಾರನ್ನಿಗೆ,

ಚಳಿಗೆ ಬೆರಳು ಮಡಚಲು ಬರುತ್ತಿಲ್ಲ, ಅದಕ್ಕೇ ಎರಡು ಸಾಲು. ಮಗನ ಟೈರ್ ಅಂಗಡಿಯಲ್ಲಿ ಕೆಲಸ ಹೆಚ್ಚು, ನಾನೂ ಬೆಳಗಿನಿಂದ ಗಲ್ಲಾದ ಹತ್ತಿರ ಕೂರಬೇಕು. ಬಹಳ ಹಳೆಯ ಮಾತು ಅದು. ನಿನ್ನಪ್ಪ ಒಳ್ಳೆಯವನು, ಅದರಲ್ಲಿ ಸಂಶಯ ಬೇಡ. ಸಭೆಗೆ ಆ ನಿಯಮದ ಸಂಗತಿಯನ್ನೇ ಓದಿಸು.

ಚಿಕ್ಕಪ್ಪ

*

ಡಿಸೆಂಬರ್ 21

ಚಿಕ್ಕಪ್ಪನಿಗೆ,

ನಿಮ್ಮ ಎರಡು ಸಾಲನ್ನು ಹತ್ತು ಸಲ ಓದಿದೆ. ಮೊದಲು ಸಿಟ್ಟು ಬಂತು. ಆಮೇಲೆ ಅರ್ಥವಾಯಿತು.

ಹೇಳಲು ಒಳ್ಳೆಯ ಕಾರಣ ಇದ್ದಿದ್ದರೆ ನೀವು ಹೇಳುತ್ತಿದ್ದಿರಿ. ಅಂದರೆ ಅಮ್ಮ ಹೇಳುವುದೇ ನಿಜ. ಸತ್ತ ಸ್ನೇಹಿತನನ್ನು ಬಿಟ್ಟುಕೊಡಲು ನಿಮಗೆ ಮನಸ್ಸಿಲ್ಲ, ಸುಳ್ಳು ಹೇಳಲೂ ಬರುವುದಿಲ್ಲ, ಅದಕ್ಕೇ ಬೆರಳಿನ ಮೇಲೆ ಹಾಕಿದಿರಿ. ನಿಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಿದ್ದಕ್ಕೆ ಕ್ಷಮಿಸಿ.

ಸಂಘದವರಿಗೆ ಅಪ್ಪನ ಸೇವೆಯ ವರ್ಷ, ದಳದ ಹೆಸರು ಇಷ್ಟನ್ನೇ ಬರೆದು ಕೊಟ್ಟಿದ್ದೇನೆ. ನಾನು ಬರೆದಿದ್ದ ಪುಟವನ್ನು ಹರಿದುಹಾಕಿದೆ. ಜಡೆಯ ವಿಷಯ ಬರೆಯುತ್ತಾ ಕೂತಿದ್ದೆ, ಇದ್ದಕ್ಕಿದ್ದಂತೆ ಅಮ್ಮನ ಪ್ರಶ್ನೆಯೇ ನನ್ನದೂ ಆಯಿತು. ಅಣ್ಣನ ತಲೆಗೆ ಸಲ್ಲಬೇಕಾದ ಕೈ ನನ್ನ ತಲೆಗೆ ಬಂತು ಅನ್ನಿಸಿತು. ನಾನೂ ಸಭೆಗೆ ಹೋಗುವುದಿಲ್ಲ. ಫೋಟೋವನ್ನು ಮನೆಗೇ ಕಳಿಸಿಕೊಡುತ್ತಾರಂತೆ.

ನಿಮ್ಮ ಬೆರಳು ನೋಡಿಕೊಳ್ಳಿ. ಬಿಸಿನೀರಿನಲ್ಲಿ ಅದ್ದಿ.

ಹಾರನ್

*

ಜನವರಿ 6

ಮಗಳೇ,

ಬೆರಳಿಗೇನೂ ಆಗಿಲ್ಲ. ಎರಡು ವಾರದಿಂದ ಬರೆದು ಬರೆದು ಹರಿಯುತ್ತಿದ್ದೇನೆ. ನಿನ್ನ ತಾಯಿ ನಿನ್ನಪ್ಪನನ್ನು ಕಳೆದುಕೊಂಡದ್ದು ನನಗೆ ಗೊತ್ತಿತ್ತು, ನೋಡಿಕೊಂಡೇ ಬದುಕಿದೆ. ಈಗ ನೀನೂ ಕಳೆದುಕೊಳ್ಳುತ್ತೀಯ ಎಂದರೆ ನನ್ನಿಂದ ಆಗುವುದಿಲ್ಲ.

ನಿನ್ನಪ್ಪ ನನಗೆ ರಜೆ ಬಿಟ್ಟುಕೊಡಲಿಲ್ಲ. ಆ ರಜೆ ನನ್ನದೇ, ಪಟ್ಟಿಯಲ್ಲಿ ನನ್ನ ಸರದಿ. ನನ್ನ ಮದುವೆ ಎರಡು ಸಲ ರಜೆ ರದ್ದಾಗಿ ಮುಂದೆ ಹೋಗಿತ್ತು. ಮೂರನೇ ಸಲ ತಪ್ಪಿದರೆ ಹುಡುಗಿಯನ್ನು ಬೇರೆ ಕಡೆ ಕೊಡುತ್ತೇವೆ ಎಂದು ಅವರ ಮನೆಯವರು ಹೇಳಿ ಕಳಿಸಿದ್ದರು. ಬುಧವಾರ ಬೆಳಿಗ್ಗೆ ಐದಕ್ಕೆ ನಾನು ಹೊರಡಬೇಕು. ಸೋಮವಾರ ಸಂಜೆ ಟಪಾಲು ಬಂತು. ಅದರಲ್ಲಿ ನಿನ್ನಪ್ಪನ ಹೆಸರಿಗೆ ಒಂದು ಕಾರ್ಡು. ಕಾರ್ಡಿಗೆ ಮುಚ್ಚಳ ಎಲ್ಲಿದೆ? ಕೈಗೆ ತೆಗೆದುಕೊಂಡಾಗಲೇ ಓದಿದೆ. "ಮಗುವಿಗೆ ಹಾಲು ಹಿಡಿಯುತ್ತಿಲ್ಲ. ಕೂಡಲೇ ಬಂದುಬಿಡಿ."

ಮಂಗಳವಾರ ಬೆಳಿಗ್ಗೆ ಅವನು ಏರು ಹತ್ತುವವನು. ಕೊಡಬಾರದು, ಅವನದೇ ನಿಯಮ. ಇಷ್ಟರವರೆಗೆ ನನ್ನ ತಪ್ಪಿಲ್ಲ ಎಂದು ಹೇಳಿಕೊಳ್ಳಬಹುದು, ನಲವತ್ತಾರು ವರ್ಷ ಹೇಳಿಕೊಂಡಿದ್ದೇನೆ. ಆದರೆ ಸೋಮವಾರವೇ ಅಧಿಕಾರಿಯ ಹತ್ತಿರ ಹೋಗಿ ತೋರಿಸಿದ್ದರೆ ನನ್ನ ರಜೆ ನಿಲ್ಲಿಸಿ ಅವನನ್ನು ಕಳಿಸುತ್ತಿದ್ದರು. ಹೋಗಲಿಲ್ಲ. ಅವನು ಇಳಿದು ಬರುವುದು ಬುಧವಾರ ಮಧ್ಯಾಹ್ನ. ಅಡುಗೆಯವನ ಕೈಗೆ ಕೊಟ್ಟು ಹೋಗಬಹುದಿತ್ತು. ಹಾಗೆ ಮಾಡಿದರೆ ಸಂಜೆಯೊಳಗೆ ನನ್ನನ್ನು ಸ್ಟೇಷನ್ನಿನಿಂದ ವಾಪಸು ಎಳೆಸುತ್ತಾರೆ ಎಂದು ಲೆಕ್ಕ ಹಾಕಿದೆ. ಕಾರ್ಡನ್ನು ಜೇಬಿನಲ್ಲೇ ಇಟ್ಟುಕೊಂಡು ಹೊರಟೆ.

ರೈಲು ಬರುವ ಮುಂಚೆ ಸ್ಟೇಷನ್ನಿನ ಅಂಚೆ ಡಬ್ಬಕ್ಕೆ ಹಾಕಿದೆ. ತಡವಾಗಿ ಬಂದ ಕಾರ್ಡು ಎಂದುಕೊಳ್ಳಲಿ ಅಂತ. ಅದು ಶಿಬಿರ ತಲುಪಲು ಇನ್ನೂ ನಾಲ್ಕು ದಿನ ಹಿಡಿಯಿತು. ತಲುಪಿದ ದಿನವೇ ಮಗು ಹೋಯಿತು. ಆಗ ಅವನು ರಜೆ ಕೇಳಿದ್ದಾನೆ, ಜೋಡಿಯವನು ಇಲ್ಲ ಎಂದು ಕೊಡಲಿಲ್ಲ. ನಿನ್ನ ತಾಯಿಗೆ ಅವನು ಹೇಳಿದ್ದು ಅಕ್ಷರಶಃ ನಿಜ.

ನಾನು ಮದುವೆಯಾಗಿ, ಹೊಸ ಅಂಗಿ ಹಾಕಿಕೊಂಡು, ಇಪ್ಪತ್ತೆಂಟು ದಿನದ ಮೇಲೆ ವಾಪಸು ಬಂದೆ. ಅವನು ಗಾಡಿಯ ಪಕ್ಕ ಚೀಲ ಕಟ್ಟಿಕೊಂಡು ನಿಂತಿದ್ದ. "ಮಗು ಹೋಯ್ತು ಕಣೋ" ಎಂದ. ನಾನು "ಅಯ್ಯೋ, ಯಾವಾಗ?" ಎಂದೆ. ಹಾಗೆ ಕೇಳಿದೆ ನಾನು! ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. "ಹುಡುಗಿ ಚೆನ್ನಾಗಿದಾಳಾ?" ಎಂದ. ಗಾಡಿಯ ಕೀಲಿ ನನ್ನ ಕೈಗೆ ಹಾಕಿ ಹೊರಟುಹೋದ. ಅವನಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದರೆ ಪ್ರತಿ ವರ್ಷ ನಮ್ಮನ್ನು ಮನೆಗೆ ಕರೆಯುತ್ತಿದ್ದನೇ? ನನ್ನ ಮಗನಿಗೆ ಸೈಕಲ್ ಕಲಿಸುತ್ತಿದ್ದನೇ? ಗೊತ್ತಿರಲಿಲ್ಲ ಎಂದು ನಂಬಿಕೊಂಡಿದ್ದೇನೆ. ಹಾಗೆ ನಂಬದಿದ್ದರೆ ನಿಮ್ಮ ಮನೆಯ ತಟ್ಟೆಯ ಮುಂದೆ ಕೂರಲು ಆಗುತ್ತಿರಲಿಲ್ಲ.

ನನ್ನವಳಿಗೆ ಕೊನೆಯವರೆಗೂ ಹೇಳಲಿಲ್ಲ. ತನ್ನ ಮದುವೆ ಇಂಥದ್ದರ ಮೇಲೆ ನಿಂತಿದೆ ಎಂದು ತಿಳಿಯದೆಯೇ ಎರಡು ವರ್ಷದ ಹಿಂದೆ ಹೋದಳು. ಈಗ ನಿನಗೆ ಹೇಳಿದ್ದೇನೆ. ಈ ಕಾಗದವನ್ನು ಸಭೆಯಲ್ಲಿ ಬೇಕಾದರೆ ಓದಿಸು. ಅವನು ತನ್ನ ರಜೆಯನ್ನು ಯಾರಿಗೂ ಕೊಟ್ಟವನಲ್ಲ. ಅವನ ಮಗುವಿನ ಹತ್ತಿರ ಅವನನ್ನು ಹೋಗಗೊಡದವನು ನಾನು.

ಬ್ರೇಕ್

*

ಜನವರಿ 17

ನಿಮ್ಮ ಕಾಗದ ಬಂತು.

ಅಪ್ಪನ ಶರ್ಟುಗಳ ಕೆಳಗೆ ಅವರ ಹಳೆಯ ಲೈಸೆನ್ಸಿನ ಪ್ಲಾಸ್ಟಿಕ್ ಚೀಲ ಇದೆ. ಅದನ್ನು ಯಾವಾಗಲೂ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಲೈಸೆನ್ಸಿನ ಹಿಂದೆ ಆ ಕಾರ್ಡು ಇತ್ತು, ನಾಲ್ಕು ಮಡಿಕೆ, ಮಡಿಕೆಗಳಲ್ಲಿ ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಅಂಗಡಿಗೆ ಒಯ್ದು ದಪ್ಪ ಗಾಜಿನ ಕೆಳಗೆ ಇಟ್ಟು ನೋಡಿದೆ. ಮುದ್ರೆ ಎರಡಿವೆ. ಒಂದು ನಮ್ಮ ಅಂಚೆ ಕಚೇರಿಯದು. ಇನ್ನೊಂದು ಆ ರೈಲ್ವೆ ಸ್ಟೇಷನ್ನಿನದು, ನೀವು ರೈಲು ಹತ್ತಿದ ಬುಧವಾರದ ತಾರೀಖು.

ಅವರಿಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು.

ಅಮ್ಮನಿಗೆ ಇನ್ನೂ ಹೇಳಿಲ್ಲ. ಇಪ್ಪತ್ತೇಳಕ್ಕೆ ಅವರ ಕಣ್ಣಿನ ಶಸ್ತ್ರಚಿಕಿತ್ಸೆ ಇದೆ, ಅಲ್ಲಿಯವರೆಗೆ ಮನಸ್ಸು ಕಲಕಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಆಮೇಲೆ ಇನ್ನೊಂದು ಕಾರಣ ಸಿಗುತ್ತದೇನೋ. ಜೇಬಿನಲ್ಲಿ ಕಾಗದ ಇಟ್ಟುಕೊಂಡು ಓಡಾಡುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ.

*

ಜನವರಿ 22

ಮಗಳೇ,

ಕೊಟ್ಟುಬಿಡು. ಇವತ್ತೇ ಕೊಡು. ನನ್ನ ಹಾಗೆ ಒಳ್ಳೆಯ ಗಳಿಗೆ ನೋಡುತ್ತಾ ಕೂರಬೇಡ.

*

ಫೆಬ್ರವರಿ 19

ಅಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ತಿದ್ದಬಾರದು ಎಂದು ಆಣೆ ಹಾಕಿಸಿಕೊಂಡಿದ್ದಾರೆ. ಹಾರನ್.

ನೀವು ನನ್ನನ್ನ ಅತ್ತಿಗೆ ಅಂತ ಕರೀತಿದ್ರಿ. ನಾನು ತಟ್ಟೆ ಇಟ್ಟು ಒಳಗೆ ಹೋಗ್ತಿದ್ದೆ. ನಿಮ್ಮ ಮೇಲೆ ನನಗೆ ಅಷ್ಟೇನೂ ಸಿಟ್ಟಿರಲಿಲ್ಲ. ಕೊಟ್ಟೋರ ಮೇಲೆ ಸಿಟ್ಟಿತ್ತು, ತಗೊಂಡೋರ ಮೇಲೆ ಏನಿದೆ ಅಂದ್ಕೊಂಡಿದ್ದೆ.

ಕಾಗದ ಇವಳು ಓದಿದಳು. ಕಣ್ಣಿಗೆ ಪಟ್ಟಿ ಕಟ್ಟಿದ್ರು, ಅಳಬೇಡಿ ಅಂದಿದ್ರು ಡಾಕ್ಟ್ರು. ಅಳಲಿಲ್ಲ. ಪಟ್ಟಿ ಬಿಚ್ಚಿದ ಮೇಲೆ ಮೊದಲು ಆ ಕಾರ್ಡನ್ನೇ ತರಿಸ್ಕೊಂಡು ನೋಡ್ದೆ. ಮುದ್ರೆ ಗಿದ್ರೆ ನನಗೆ ತಿಳಿಯಲ್ಲ. ಎಷ್ಟು ಸವೆದಿದೆ ಅಂತ ಕೈಯಲ್ಲಿ ಮುಟ್ಟಿ ನೋಡ್ದೆ. ಅಷ್ಟು ಸವೀಬೇಕಾದ್ರೆ ಎಷ್ಟು ಸಲ ತೆಗೆದಿರ್ಬೇಕು ಅವರು? ಪಕ್ಕದಲ್ಲೇ ಮಲಗಿದ್ದೆ, ಒಂದು ಸಲಾನೂ ನೋಡಲಿಲ್ಲ ನಾನು.

ಯಾಕೆ ಹೇಳಲಿಲ್ಲ ಅಂತ ಇವಳು ಕೇಳ್ತಾಳೆ. ನನಗೆ ಗೊತ್ತು. ಹೇಳಿದ್ರೆ ನಾನು ನಿಮ್ಮ ಹೆಂಡ್ತಿ ಮುಖ ನೋಡ್ತಿರಲಿಲ್ಲ, ನಿಮ್ಮ ಮಗನ್ನ ಹೊಸ್ತಿಲು ದಾಟಿಸ್ತಿರಲಿಲ್ಲ. ಆ ಹುಡುಗಿ ಏನು ತಪ್ಪು ಮಾಡಿದ್ಳು? ಎರಡು ಮನೆ ಹಾಳಾಗೋದು ಬೇಡ, ಒಂದರಲ್ಲಿ ತಾನೇ ಸಹಿಸ್ಕೊಂಡು ಇರ್ತೀನಿ ಅಂದ್ಕೊಂಡ್ರು. ಆ ಸಿಟ್ಟೂ ಇದೆ ನನಗೆ ಅವರ ಮೇಲೆ. ನನ್ನ ಬಿಟ್ಟು ಒಬ್ಬರೇ ತೀರ್ಮಾನ ಮಾಡಿದ್ರು.

ಸಭೆಗೆ ಹೋದೆ. ನಿಮ್ಮ ಕಾಗದ ಓದಿಸಲಿಲ್ಲ, ಅದು ಊರೋರಿಗೆ ಯಾಕೆ? ಶಾಲೆ ಬಸ್ಸಿನ ಮಕ್ಕಳು, ಈಗ ಅವರೇ ಅಪ್ಪ ಅಮ್ಮ ಆಗಿದಾರೆ, ಹದಿನಾರು ಜನ ಬಂದಿದ್ರು. ಫೋಟೋ ಇಸ್ಕೊಂಡೆ. ಗೋಡೆಗೆ ಹಾಕಿದೀನಿ.

ಈಗ ನಾನು ಸಿಟ್ಟನ್ನ ಎಲ್ಲಿ ಇಡಲಿ? ಇಷ್ಟು ವರ್ಷ ಎತ್ತಿ ಎತ್ತಿ ಅಭ್ಯಾಸ ಆಗಿದೆ. ತಪ್ಪಾಯ್ತು ಅಂತ ಹೇಳೋಣ ಅಂದ್ರೆ ಅವರಿಲ್ಲ. ಕೊನೇ ವಾರ ಆಸ್ಪತ್ರೇಲಿ ಅವರು ಆ ಬೆಟ್ಟದ ದಾರಿ ಮಾತು ಎತ್ತಿದ್ರು. "ಈಗ್ಯಾಕೆ ಅದೆಲ್ಲ, ಸುಮ್ನೆ ಮಲಗಿ" ಅಂದೆ. ಮಲಗಿದ್ರು.

ನಿಮ್ಮನ್ನ ಕ್ಷಮಿಸಿದೀನಿ ಅಂತ ಬರೆಯೋಕೆ ಇವಳು ಪೆನ್ನು ಹಿಡ್ಕೊಂಡು ಕಾಯ್ತಿದಾಳೆ. ಅದು ನನ್ನ ಕೈಲಿ ಆಗಲ್ಲ. ನನ್ನ ಮಗು ಬದುಕ್ತಿತ್ತು ಅಂತ ನಾನು ಹೇಳಲ್ಲ. ಆದ್ರೆ ಅವರು ಒಂದು ಸಲ ಅದನ್ನ ಎತ್ಕೋತಿದ್ರು. ಅದನ್ನ ನೀವು ಕಿತ್ಕೊಂಡ್ರಿ.

ಅದಕ್ಕೆ ಬದಲು ಒಂದು ಕೆಲಸ ಮಾಡಿ. ಆ ಆರು ವರ್ಷದ ಅವರು ನನ್ನ ಹತ್ರ ಇಲ್ಲ, ನಾನೇ ಬಾಯಿ ಮುಚ್ಚಿಸಿಬಿಟ್ಟೆ. ನಿಮ್ಮ ಹತ್ರ ಇದಾರೆ. ಏರು ಹತ್ತುವಾಗ ಮಾತಾಡ್ತಿದ್ರಾ, ಸುಮ್ನಿರ್ತಿದ್ರಾ? ಮಗು ಹುಟ್ಟಿದ ಸುದ್ದಿ ಬಂದಾಗ ಏನಂದ್ರು? ನಕ್ರಾ? ಎಲ್ಲಾನೂ ಬರೀರಿ, ವಾರಕ್ಕೊಂದು ಕಾಗದ. ಒಳ್ಳೇದು ಮಾತ್ರ ಆರಿಸಬೇಡಿ. ನಾನು ಉತ್ತರ ಬರೆಸಲ್ಲ, ಅದಕ್ಕೆ ಕಾಯಬೇಡಿ.

ನನಗೆ ಅರವತ್ತೆಂಟು ದಾಟಿತು. ಈ ಸಲ ತಡ ಮಾಡಬೇಡಿ.